ಕೈ ತೊಳೆಸುವ ಟೋಲ್ ಗೇಟು

ಕೈ ತೊಳೆಯದ ಮನುಷ್ಯನನ್ನು ಕಂಡರೆ, ಸೊಟ್ಟಗೆ ಬಿಟ್ಟ ಚಪ್ಪಲಿಯನ್ನು ಕಂಡಂತೆಯೇ, ನನಗೆ ಸುಮ್ಮನಿರಲಾಗುವುದಿಲ್ಲ. ಇದು ಸ್ವಭಾವವೋ ಕಾಯಿಲೆಯೋ ಎಂಬುದು ವಾರ್ಡ್ ಸಿಸ್ಟರ್ ಆಗಿ ನಿವೃತ್ತಳಾದ ಮೇಲೂ ತೀರ್ಮಾನವಾಗಿಲ್ಲ.

ಈಚೆಗೆ ಕುಂದಾಪುರದ ಆಸ್ಪತ್ರೆಯೊಂದರಲ್ಲಿ ನಮ್ಮ ಯಜಮಾನರ ಮೊಣಕಾಲಿಗೆ ಹೊಸ ಕೀಲು ಹಾಕಿದರು. ಸಕ್ಕರೆ ಕಾಯಿಲೆಯ ಮನುಷ್ಯ. "ಗಾಯಕ್ಕೆ ಸೋಂಕು ತಗಲಿದರೆ ಹಾಕಿದ್ದನ್ನೇ ಬಿಚ್ಚಬೇಕಾದೀತು" ಎಂದು ಡಾಕ್ಟರು ಹೇಳಿಹೋದರು. ನಾನು ಕುರ್ಚಿಯನ್ನು ಬಾಗಿಲಿಗೆ ಎಳೆದು, ಸ್ಯಾನಿಟೈಸರ್ ಬಾಟಲಿ ಹಿಡಿದು ಕುಳಿತುಬಿಟ್ಟೆ.

ನಮ್ಮ ಕಡೆ ರೋಗಿಯನ್ನು ಕಂಡು ಬರುವುದೆಂದರೆ ದೂರ ನಿಂತು ಕಾಣುವುದಲ್ಲ. ಬೈಂದೂರಿನವರು ಬಸ್ಸಿನ ಕಂಬಿ ಹಿಡಿದ ಕೈಯಲ್ಲೇ ಹಣೆ ಮುಟ್ಟಬೇಕು, ಬ್ರಹ್ಮಾವರದವರು ಮಂಚದ ಮೇಲೇ ಕೂರಬೇಕು, ಕಾಲು ಒತ್ತಿ "ಇಲ್ಲಿ ನೋವಾ?" ಎಂದು ಕೇಳದಿದ್ದರೆ ಬಂದದ್ದು ಲೆಕ್ಕಕ್ಕಿಲ್ಲ. ತಡೆದರೆ, ಸಾಸ್ತಾನದ ಟೋಲಿನಲ್ಲಿ ಸುಂಕ ಕೇಳಿದರೆ ಊರವರು ಆಡುವ ಮಾತೇ: "ನಾವೆಂತ ಹೊರ್ಗಿನರಾ? ಮನಿಯರಲ್ದಾ?"

"ರೋಗಾಣುವಿಗೆ ನೆಂಟಸ್ತಿಕೆ ತಿಳಿಯುದಿಲ್ಲ" ಎಂದು ನಾನು ಬಾಟಲಿ ಒತ್ತುತ್ತಿದ್ದೆ.

ಯಜಮಾನರ ಅಕ್ಕ, ಸಾಲಿಗ್ರಾಮದ ಅತ್ತಿಗೆ, ಮಾತ್ರ ವಾದಿಸಲಿಲ್ಲ. ಎಡಗೈಯಲ್ಲಿ ಸೆರಗು ಹಿಡಿದು, ಅದರ ಮೇಲೆ ಬಲಗೈ ಗುಳಿ ಮಾಡಿ ಭಕ್ತಿಯಿಂದ ಒಡ್ಡಿದರು. ಹನಿ ಬಿದ್ದದ್ದೇ ತಡ, ಅಂಗೈ ತುಟಿಯತ್ತ ಹೊರಟಿತು.

"ಅಯ್ಯೋ, ಕುಡುಕೆ ಅಲ್ಲ ಅತ್ಗೆ! ಎರಡೂ ಕೈಗೆ ತಿಕ್ಕಣಿ!"

ಅವರು ಗಡಬಡಿಸಿ ತಲೆಗೆ ಒರಸಿಕೊಂಡರು. "ಇದೆಂತ ತೀರ್ಥ ಮಾರಾಯ್ತಿ, ಒಂದ್ ತುಳಸಿ ಎಲೆಯೂ ಇಲ್ಲ!"

"ಅಕ್ಕ, ಕಾಣಿಕೆ ಹಾಕುದ್ ಮರೀಬೇಡ" ಎಂದು ಯಜಮಾನರು ಮಂಚದಿಂದ ನಕ್ಕರು.

ಮಧ್ಯಾಹ್ನ ನೆಂಟರೆಲ್ಲ ಕರಗಿದರು. ಅತ್ತಿಗೆ ಮಂಚದಡಿ ಸೊಟ್ಟಗೆ ಚಪ್ಪಲಿ ಬಿಟ್ಟು ಮೂಲೆಯ ಬೆಂಚಿನಲ್ಲಿ ಕಾಲು ಚಾಚಿದರು. ನಾನು ಕುರ್ಚಿಯನ್ನು ಮಂಚದ ಪಕ್ಕಕ್ಕೆ ತಂದೆ. ಕೋಡಿ ಕಡಲತೀರದ ಕಡೆಯ ಉಪ್ಪುಗಾಳಿಗೆ ಕಿಟಕಿಯ ಪರದೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಅಂಗೈಗೆ ತಿಕ್ಕಿಕೊಂಡ ಸ್ಯಾನಿಟೈಸರ್ ಆರುವಾಗಿನ ತಂಪು ಮೆಲ್ಲಗೆ ಮೈಗೆಲ್ಲ ಹರಡಿದಂತಾಯಿತು. ಕಣ್ಣು ಯಾವಾಗ ಮುಚ್ಚಿತೋ. ಹೊಳೆ ಕಡಲಿಗೆ ಸೇರುವಲ್ಲಿ ನಮ್ಮ ಸೀಮೆಯ ಜನರೆಲ್ಲ ಸಾಲಾಗಿ ನೀರಿಗಿಳಿದು, ಬೆರಳ ಸಂದಿಯನ್ನೂ ಬಿಡದೆ ಕೈ ತೊಳೆಯುತ್ತಿದ್ದರು. ಯಾರೂ ವಾದಿಸುತ್ತಿರಲಿಲ್ಲ. ನೊರೆ ತೇಲಿ ತೇಲಿ ಕಡಲಿನದೇ ನೊರೆಯಾಗುತ್ತಿತ್ತು. ಮರಳಿನ ಮೇಲೆ ಎಲ್ಲರ ಚಪ್ಪಲಿಗಳೂ ನೆಟ್ಟಗೆ ಸಾಲಾಗಿದ್ದವು, ಒಂದು ಜೊತೆ ಬಿಟ್ಟು. ಬಗ್ಗಿ ಅದನ್ನು ಸರಿಮಾಡಿದೆ.

"ಹ್ವಾಯ್, ಸಿಸ್ಟರೇ!"

ಕಣ್ಣು ಬಿಟ್ಟೆ. ಮಂಚದಡಿಯ ಅತ್ತಿಗೆಯ ಚಪ್ಪಲಿಗಳು ನಿಜವಾಗಿಯೂ ನೆಟ್ಟಗಾಗಿದ್ದವು. ಅವನ್ನು ಹಿಡಿದ ನನ್ನ ಕೈ ಈಗ ಯಜಮಾನರ ಬ್ಯಾಂಡೇಜಿನ ಅಂಚು ಸರಿಮಾಡಲು ಹೊರಟಿತ್ತು. ಬೆರಳು ತಗಲುವ ಮೊದಲೇ ಅವರು ನನ್ನ ಮಣಿಕಟ್ಟನ್ನು ಹಿಡಿದಿದ್ದರು.

"ಚಪ್ಪಲಿ ಮುಟ್ಟಿದ್ ಕೈ ಅಲ್ದಾ ಅದ್? ತೊಳ್ಕೊ."

ನಿದ್ದೆಗಣ್ಣಿನಲ್ಲಿ ನನ್ನ ಬಾಯಿಂದ ಬಂದದ್ದು ಇಷ್ಟೇ: "ನಾನೆಂತ ಹೊರ್ಗಿನಳಾ? ಮನಿಯಳಲ್ದಾ?"

ಅತ್ತಿಗೆ ಬೆಂಚಿನಿಂದ ಎದ್ದು ಬಂದು, ಅರ್ಚಕರ ಗಾಂಭೀರ್ಯದಲ್ಲಿ ಬಾಟಲಿ ಎತ್ತಿಕೊಂಡರು. ಕೈ ಒಡ್ಡಿದೆ. ಹನಿ ಬಿದ್ದ ಮೇಲೆ ನೋಡಿಕೊಂಡರೆ, ನನ್ನ ಬಲಗೈ ಗುಳಿಯಾಗಿತ್ತು. ಕೆಳಗೆ ಸೆರಗೂ ಇತ್ತು.