ಸೂರ್ಯನನ್ನು ಹುಟ್ಟಿಸಿದ ಮಂಚ

ಬಹಳ ಬಹಳ ಹಿಂದೆ, ಅಂದರೆ ನಾನಿನ್ನೂ ಒಂದೇ ಒಂದು ಸುಳ್ಳನ್ನೂ ಹೇಳದಿದ್ದ ಕಾಲದಲ್ಲಿ, ಕಾದಕಲ್ಲು ಎಂಬ ರಾಜ್ಯವಿತ್ತು. ಅಲ್ಲಿಯ ಬಿಸಿಲೆಂದರೆ ಬಿಸಿಲು! ನಡುಹಗಲು ಹಾರಿದ ಕಾಗೆ ನೆಲಕ್ಕೆ ಬೀಳುವಷ್ಟರಲ್ಲಿ ಸಂಡಿಗೆಯಾಗಿರುತ್ತಿತ್ತು. ನಾನು ತಿಂದಿಲ್ಲ, ವಾಸನೆ ನೋಡಿದ್ದೇನೆ. ಬೇರೇನೂ ಬೆಳೆಯದ ಆ ನೆಲದಲ್ಲಿ ಜನ ಬಿಸಿಲನ್ನೇ ಬೆಳೆಯೆಂದು ನಂಬಿ, ಹಪ್ಪಳ ಒಣಗಿಸಿ ಲೋಕಕ್ಕೆಲ್ಲ ಮಾರಿ ಬದುಕಿದ್ದರು.

ಅದರ ಅಧಿಪತಿ ಶ್ರೀಮನ್ಮಹಾರಾಜ ಪ್ರಚಂಡಭಾನು. ಸೂರ್ಯನಿಗಿಂತ ತೇಜಸ್ವಿ ಎಂದು ವಂದಿಮಾಗಧರು ದಿನವೂ ಹೊಗಳುತ್ತಿದ್ದರು. ಆದರೆ ಹೊಗಳಿಕೆ ಮುಗಿಯುವ ವೇಳೆಗೂ ಪ್ರಭುಗಳ ಗೊರಕೆ ಮುಗಿದಿರುತ್ತಿರಲಿಲ್ಲ. ಆ ಗೊರಕೆಗೆ ನೆರೆರಾಜ್ಯದ ಹೆಂಚುಗಳು ಹಾರಿದ್ದನ್ನು ನಾನೇ ಹಿಡಿದು ವಾಪಸು ಕೊಟ್ಟಿದ್ದೇನೆ.

ಆಸ್ಥಾನದಲ್ಲಿ ಆಕಾಶದ ಉದ್ಯೋಗಿಗಳು ಇಬ್ಬರಿದ್ದರು. ವೇಧಶಾಲೆಯ ಭೋಗಯ್ಯ ಮೇಷ್ಟ್ರು ಆಕಾಶವನ್ನು ನೋಡಿ ಆಕಾಶದ ವಿಷಯ ಹೇಳುತ್ತಿದ್ದರು. ರಾಜಜೋಯಿಸ ಗೋಚಾರ್ಯರು ರಾಜನ ಮುಖವನ್ನು ನೋಡಿ ಆಕಾಶದ ವಿಷಯ ಹೇಳುತ್ತಿದ್ದರು. ಯಾರಿಗೆ ಪಲ್ಲಕ್ಕಿ, ಯಾರಿಗೆ ಹರಿದ ಚಾಪೆ ಎಂಬುದನ್ನು ಪತ್ರಿಕೆ ಓದುವ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ದಿನ ಪ್ರಭುಗಳು ಆಕಳಿಸುತ್ತ ಕೇಳಿದರು, "ಜೋಯಿಸರೇ, ಈ ಸೂರ್ಯ ನಮಗಿಂತ ಮೊದಲೇ ಏಳುತ್ತಾನಲ್ಲ, ಇದು ಅವಿಧೇಯತೆಯಲ್ಲವೇ?"

ಗೋಚಾರ್ಯರು ಕಿಟಕಿಗೆ ಬೆನ್ನು ಹಾಕಿ ಕುಂಡಲಿ ಬಿಡಿಸಿದರು. "ಮಹಾಪ್ರಭು, ತಮ್ಮ ಜಾತಕದಲ್ಲಿ ರವಿ ನೀಚಸ್ಥಾನದಲ್ಲಿದ್ದಾನೆ. ನೀಚನಿಗೆ ಪ್ರೋಟೋಕಾಲ್ ಎಲ್ಲಿ ಗೊತ್ತು? ನಾವೇ ಕಲಿಸಬೇಕು."

ಅಂದೇ ರಾಜಶಾಸನ ಹೊರಟಿತು: ಪ್ರಭುಗಳು ಕಣ್ಣು ಬಿಟ್ಟು ನಗಾರಿ ಮೊಳಗುವವರೆಗೆ ಸೂರ್ಯೋದಯವಾಗಿರತಕ್ಕದ್ದಲ್ಲ. ಅದಕ್ಕೆ ಮುಂಚೆ ಕಾಣುವುದು ಅನಧಿಕೃತ ಬೆಳಕು. ಅದರಲ್ಲಿ ಓಡಾಡುವವರು ಲಾಂದ್ರ ಹಿಡಿಯತಕ್ಕದ್ದು; ಏನನ್ನೂ ಒಣಗಿಸತಕ್ಕದ್ದಲ್ಲ.

ಸುಡುಬಿಸಿಲಿನಲ್ಲಿ ಲಾಂದ್ರ ಹಿಡಿದ ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು, ಕತ್ತಲೆಯಾದ್ದರಿಂದ ಕಾಣಲಿಲ್ಲವೆಂದು ಕ್ಷಮೆ ಕೇಳತೊಡಗಿದರು. ಪ್ರಭುಗಳೋ, ತಾವು ಏಳುವವರೆಗೆ ಬೆಳಗಾಗುವುದಿಲ್ಲವೆಂದ ಮೇಲೆ ಏಳುವ ಅವಸರವಾದರೂ ಏನೆಂದು ಇಳಿಹೊತ್ತಿನವರೆಗೆ ಮಲಗತೊಡಗಿದರು.

ಅರಮನೆಯ ಮೂಡಣ ಗೋಡೆಗೆ ಅಂಟಿದಂತೆ ಸಾತಕ್ಕನ ಅಂಗಳವಿತ್ತು. ಗಂಡನಿಲ್ಲದ ಸಾತಕ್ಕ ಆ ಅಂಗಳದ ಹಪ್ಪಳದಿಂದಲೇ ಮೂವರು ಹೆಣ್ಣುಮಕ್ಕಳನ್ನು ಸಾಕಿದವಳು. ಒದ್ದೆ ಹಪ್ಪಳಕ್ಕೆ ಬೂಷ್ಟು ಹಿಡಿದಾಗ ಅವಳು ಮೊರವನ್ನು ಹೊತ್ತು ನೇರವಾಗಿ ವೇಧಶಾಲೆಗೆ ನುಗ್ಗಿದಳು.

"ಏನ್ ಮೇಷ್ಟ್ರೇ, ಕೊಳವೆಗೆ ಕಣ್ಣಿಟ್ಕೊಂಡು ಚಂದ್ರನ ಗುಂಡಿ ನೋಡ್ತಾ ಕೂತಿದ್ದೀರಲ್ಲ, ನಮ್ಮನೆ ಒಲೆ ಗುಂಡಿ ಆರಿಹೋಗಿರೋದು ಕಾಣಾಕಿಲ್ವಾ?"

"ರಾಜಾಜ್ಞೆ ಕಣಮ್ಮಾ. ನಾನೇನು ಮಾಡಲಿ?"

"ಸೂರ್ಯನ ಇಸ್ಯ ನಿಮಗೆ ಗೊತ್ತು. ಗೊತ್ತಿದ್ದೋರು ಬಾಯಿ ಬಿಡದಿದ್ರೆ, ನಿಮಗಿಂತ ನಮ್ಮ ಹುಂಜ ವಾಸಿ. ಅದು ಕೂಗಾದ್ರೂ ಕೂಗ್ತದೆ."

ಮೇಷ್ಟ್ರಿಗೆ ಚುಚ್ಚಿತು. ಅವಳದೇ ಮನೆಯ ಬೂದುಗುಂಬಳಕಾಯಿಗೆ ಒಂದು ಪುಟ್ಟ ಹಪ್ಪಳ ಅಂಟಿಸಿ, ದೀಪವೊಂದನ್ನು ಹಿಡಿದು, ಅವಳನ್ನೂ ಕರೆದುಕೊಂಡು ಆಸ್ಥಾನಕ್ಕೆ ನಡೆದರು.

"ಪ್ರಭೂ, ಈ ಕಾಯಿ ಭೂಮಿ. ಹಪ್ಪಳ ನಮ್ಮ ಕಾದಕಲ್ಲು. ದೀಪ ಸೂರ್ಯ." ಕಾಯಿಯನ್ನು ಪಡುವಣದಿಂದ ಮೂಡಣಕ್ಕೆ ನಿಧಾನವಾಗಿ ತಿರುಗಿಸಿದರು. "ಹಪ್ಪಳ ದೀಪದ ಎದುರಿಗೆ ಬಂದರೆ ಹಗಲು, ಮರೆಯಾದರೆ ಇರುಳು. ದೀಪ ಕದಲಲೇ ಇಲ್ಲ. ಸೂರ್ಯ ತಮಗಿಂತ ಮೊದಲು ಏಳುವುದಿಲ್ಲ, ಏಕೆಂದರೆ ಅವನು ಏಳುವುದೇ ಇಲ್ಲ. ತಿರುಗುವುದು ಭೂಮಿ."

ಪ್ರಭುಗಳ ಮುಖ ಅರಳಿತು. "ಹಾಗಾದರೆ ಅವನು ನಮಗಿಂತ ಸೋಮಾರಿ! ಪಾಪ, ಶಾಸನ ವಾಪಸು ತೆಗೆದುಕೊಳ್ಳಿ."

"ಗೆದ್ವಲ್ಲ ಮೇಷ್ಟ್ರೇ!" ಎಂದು ಸಾತಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಪಲ್ಲಕ್ಕಿ ಕೈಬಿಟ್ಟುಹೋಗುವುದನ್ನು ಕಂಡ ಗೋಚಾರ್ಯರು ಮೆಲ್ಲಗೆ ಕೆಮ್ಮಿದರು. "ಎಲ್ಲ ಸರಿ ಮೇಷ್ಟ್ರೇ. ಕುಂಬಳಕಾಯಿಯನ್ನು ನೀವು ತಿರುಗಿಸಿದಿರಿ. ಭೂಮಿಯನ್ನು ತಿರುಗಿಸುವವರು ಯಾರು?"

"ಯಾರೂ ಇಲ್ಲ. ಹುಟ್ಟಿದಾಗಿನಿಂದ ತಾನೇ ತಿರುಗುತ್ತಿದೆ. ತಡೆಯುವವರಿಲ್ಲ, ಹಾಗಾಗಿ ನಿಂತಿಲ್ಲ."

ಅಮಾತ್ಯ ತಥಾಸ್ತಯ್ಯನವರು ಹೊಟ್ಟೆ ಹಿಡಿದು ನಕ್ಕರು. "ತಾನೇ! ಈ ರಾಜ್ಯದಲ್ಲಿ ಒಂದು ಫೈಲು ತಾನೇ ಪಕ್ಕದ ಮೇಜಿಗೆ ಹೋದದ್ದುಂಟೇ? ಇಡೀ ಭೂಮಿ ಹೋಗುತ್ತದಂತೆ! ಮಹಾಪ್ರಭು, ತಿರುಗಿಸುತ್ತಿರುವವರು ತಾವೇ."

"ನಾವೇ?" ಪ್ರಭುಗಳು ಯೋಚಿಸಿದರು. "ಇರಬಹುದು. ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಏನೋ ಭಾರವಾದದ್ದು ಜೊತೆಗೇ ಹೊರಳಿದಂತಾಗುತ್ತಿತ್ತು. ವಿನಯದಿಂದ ಯಾರಿಗೂ ಹೇಳಿರಲಿಲ್ಲ."

"ಅದು ತಮ್ಮ ಹೊಟ್ಟೆ, ಪ್ರಭೂ," ಎಂದುಬಿಡಲಿದ್ದ ಭೋಗಯ್ಯ ನಾಲಿಗೆ ಕಚ್ಚಿಕೊಂಡು, "ಪರೀಕ್ಷಿಸಿ ನೋಡಬಹುದು. ಒಂದು ಇರುಳು ತಾವು ಮಗ್ಗುಲು ಬದಲಿಸದೆ ಮಲಗಿ. ಬೆಳಗಾಗುತ್ತದೋ ಇಲ್ಲವೋ ನೋಡೋಣ," ಎಂದರು.

ಸಭೆ ತತ್ತರಿಸಿತು. "ದ್ರೋಹ! ಬೆಳಗಾಗದಿದ್ದರೆ ಹೊಣೆ ಯಾರು? ಇವನ ಕುತೂಹಲಕ್ಕೆ ಲೋಕವೇ ಕತ್ತಲಾಗಬೇಕೇ?" ಪರೀಕ್ಷೆ ಅಪಾಯಕಾರಿಯೆಂದು ನಿಷೇಧವಾಯಿತು. ಪರೀಕ್ಷೆಯೇ ನಡೆಯದ್ದರಿಂದ ಸಿದ್ಧಾಂತವು ಸರ್ವಾನುಮತದಿಂದ ಸಿದ್ಧವಾಯಿತು.

ಭೂಮಿ ಮೂಡಣಕ್ಕೆ ತಿರುಗುತ್ತದೆಂದು ಮೇಷ್ಟ್ರೇ ಹೇಳಿದ್ದರಷ್ಟೆ? ಆದ್ದರಿಂದ ಪ್ರಭುಗಳೂ ಮೂಡಣಕ್ಕೇ ಹೊರಳತಕ್ಕದ್ದು, ಪಡುವಣಕ್ಕೆ ಹಿಂದಿರುಗತಕ್ಕದ್ದಲ್ಲ. ಒಂದೇ ದಿಕ್ಕಿಗೆ ಹೊರಳುವವನಿಗೆ ಮಂಚ ಸಾಲುವುದೇ? ರಾಜಮಂಚ ವಿಸ್ತರಣಾ ಯೋಜನೆ ಘೋಷಣೆಯಾಯಿತು. ಹೊರಳುವ ಮುಹೂರ್ತ ಇಡಲು ಗೋಚಾರ್ಯರು ನೇಮಕವಾದರು. ಭೋಗಯ್ಯ ಮೇಷ್ಟ್ರನ್ನು ದಿಂಬು ತಟ್ಟುವ ಇಲಾಖೆಗೆ ವರ್ಗಾಯಿಸಲಾಯಿತು.

ಮಂಚ ಗೋಡೆ ಒಡೆದು ಹೊರಬಂತು. ಆನೆಗಳು ಅದರ ಕೆಳಗೆ ಮೆರವಣಿಗೆ ಹೋಗುವಷ್ಟು ಎತ್ತರ. ಮಂಚದ ಒಂದು ಕಾಲು ಸಾತಕ್ಕನ ಅಂಗಳದ ನಟ್ಟನಡುವೆ ಊರಿತು. ಇಡೀ ಅಂಗಳವನ್ನು ಅದರ ನೆರಳು ಮುಚ್ಚಿತು. ಪ್ರಭುಗಳ ಹೊಸ ಪಟ್ಟಾಭಿಷೇಕವೂ ಮಂಚದ ಮೇಲೆಯೇ ನಡೆಯಿತು. ಪ್ರಭುಗಳು ನಿದ್ರಿಸುತ್ತಿದ್ದುದರಿಂದ "ಭೂಭ್ರಮಣ ಚಕ್ರವರ್ತಿ" ಎಂಬ ಬಿರುದಿನ ಕಿರೀಟವನ್ನು ದಿಂಬಿಗೆ ತೊಡಿಸಲಾಯಿತು.

ಸಾತಕ್ಕ ಅಮಾತ್ಯರನ್ನು ಅಡ್ಡಗಟ್ಟಿದಳು. "ಬುದ್ಧೀ, ಬಿಸಿಲು ಬಿಟ್ಟುಕೊಟ್ರಿ, ಬಿಸಿಲು ಬೀಳೋ ಜಾಗ ಕಿತ್ಕೊಂಡ್ರಿ. ನನ್ನ ಮಕ್ಕಳು ಏನು ತಿನ್ನಬೇಕು?"

"ಕೃತಘ್ನಳೇ! ಊರೆಲ್ಲ ಬಿಸಿಲಿನಲ್ಲಿ ಬೇಯುತ್ತಿದೆ, ನಿನಗೊಬ್ಬಳಿಗೆ ರಾಜಮಂಚದ ತಂಪು. ಇದರ ನೆರಳುಸುಂಕ ಕಟ್ಟಿದೆಯಾ?"

"ನೆರಳಿಗೂ ಸುಂಕ ಹಾಕಿದ್ರಾ ನಮ್ಮಪ್ಪಾ! ಇನ್ನು ಬಿಸಿಲಿಗೊಂದು ಹಾಕೋದು ಬಾಕಿ."

ತಥಾಸ್ತಯ್ಯನವರು ಗಕ್ಕನೆ ನಿಂತರು. ಇಷ್ಟು ವರ್ಷ ರಾಜ್ಯವಾಳಿದರೂ ಅದು ಅವರಿಗೆ ಹೊಳೆದೇ ಇರಲಿಲ್ಲ.

ಬಿಸಿಲುಸುಂಕದ ಡಂಗುರದೊಂದಿಗೆ ಮರುದಿನ ಸೂರ್ಯ ಹುಟ್ಟಿದ. ತಪ್ಪಾಯಿತು, ಪ್ರಭುಗಳು ಹೊರಳಿದರು.