ಚೈತ್ರಳ ಪಾಲಿನ ಹೋಳಿಗೆ

ನಮ್ಮ ಕಡೆಯ ಜನಕ್ಕೆ ಯಾರ ಮೇಲಾದರೂ ಅಭಿಮಾನ ಉಕ್ಕಿತೆಂದರೆ ಅವರಿಗೆ ಉಣ್ಣಿಸದೆ ಸಮಾಧಾನವಾಗುವುದಿಲ್ಲ. ಮಗ ಪಾಸಾದರೆ ಊಟ, ಫೇಲಾದರೆ ಪಾಪ ಎಂದು ಇನ್ನೊಂದು ತುತ್ತು ಹೆಚ್ಚು. ದೂರದ ಊರಿಗೆ ಹೊರಟವರನ್ನಂತೂ ಬರಿಬಾಯಲ್ಲಿ ಕಳಿಸುವುದೇ ಇಲ್ಲ. ಈ ಪದ್ಧತಿಯ ಹಳೆಯ ಫಲಾನುಭವಿ ನಾನು. ನನ್ನ ಹೊಟ್ಟೆ ನೋಡಿದವರಿಗೆ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಇದೇ ಪದ್ಧತಿ ಒಂದು ದಿನ ನಮ್ಮ ಮನೆಯ ಹುಡುಗಿಗೇ ಎದುರಾಳಿಯಾಗಿ ತೊಡೆ ತಟ್ಟುತ್ತದೆಂದು ನಾನು ಎಣಿಸಿರಲಿಲ್ಲ.

ಹುಡುಗಿ ಎಂದರೆ ನ್ಯಾಮತಿಯಲ್ಲಿರುವ ನನ್ನ ತಂಗಿಯ ಮಗಳು ಚೈತ್ರ. ಕುಸ್ತಿ ಆಡುತ್ತಾಳೆ. ಏಷ್ಯಾದ ದೇಶಗಳ ಎಳೆಯ ಆಟಗಾರರೆಲ್ಲ ಒಂದೆಡೆ ಸೇರಿ ಓಟ, ಈಜು, ಕಬಡ್ಡಿ, ಕುಸ್ತಿ ಎಂದು ಸೆಣಸುವ ದೊಡ್ಡ ಕ್ರೀಡಾಕೂಟವೊಂದಿದೆ. ಅದಕ್ಕೆ ಅವಳು ನಲವತ್ತೊಂಬತ್ತು ಕೆಜಿ ವಿಭಾಗದಲ್ಲಿ ಆಯ್ಕೆಯಾಗಿದ್ದಳು. ಸ್ಪರ್ಧೆಯ ದಿನ ಬೆಳಿಗ್ಗೆ ತೂಕ ನೋಡುತ್ತಾರಂತೆ. ಒಂದು ರವೆ ಉಂಡೆಯಷ್ಟು ಹೆಚ್ಚಿದ್ದರೂ ಕಣಕ್ಕೆ ಇಳಿಸುವುದಿಲ್ಲ. ವರ್ಷಗಟ್ಟಲೆ ಮಣ್ಣಿನಲ್ಲಿ ಹೊರಳಿದ್ದೆಲ್ಲ ನೀರಿನಲ್ಲಿ ಹೋಮ. ನ್ಯಾಮತಿಯಲ್ಲಿದ್ದರೆ ಕೇರಿಯವರು ಉಣ್ಣಿಸದೆ ಬಿಡುವುದಿಲ್ಲವೆಂದು ತಂಗಿ ಅವಳನ್ನು ಚನ್ನಗಿರಿಗೆ, ನಮ್ಮ ಮನೆಗೆ ತಂದು ಬಿಟ್ಟಳು. "ಅಣ್ಣಾ, ನಿಮ್ಮೂರಾಗೆ ಇವಳ ಗುರ್ತು ಯಾರಿಗೂ ಇಲ್ಲ. ಹೊರಡೋ ತನಕ ತೂಕ ಏರದಂಗೆ ನೋಡ್ಕಂಡ್ರೆ ಸಾಕು" ಎಂದಳು. ತೂಕ ಏರದಂತೆ ನೋಡಿಕೊಳ್ಳಲು ಅವಳು ಆರಿಸಿದ್ದು ನನ್ನನ್ನು!

ಗುರುತಿಲ್ಲದ ಸುಖ ಮರುದಿನ ಬೆಳಿಗ್ಗೆಯವರೆಗೆ ಇತ್ತು. ಪತ್ರಿಕೆಯಲ್ಲಿ ಅವಳ ಫೋಟೊ ಬಂದಿತು. ಸುಮ್ಮನಿರಬಾರದೆ? ನಾನು ಗುಮಾಸ್ತನಾಗಿರುವ ಕಚೇರಿಗೆ ಅದನ್ನು ಒಯ್ದು, ಆದಾಯ ಪ್ರಮಾಣಪತ್ರಕ್ಕೆ ಬಂದು ನಿಂತವರಿಗೂ ತೋರಿಸಿದೆ. "ನಮ್ಮ ಹುಡುಗೀನೇ ರೀ, ಈಗ ನಮ್ಮನೇಲೇ ಅದಾಳೆ" ಎಂದು ವಿಳಾಸವನ್ನೂ ಹೇಳಿದೆ. ಸಂಜೆಯ ಹೊತ್ತಿಗೆ ಗೇಟು ಕಿರುಗುಟ್ಟತೊಡಗಿತು.

ಮೊದಲು ಬಂದವರು ಪಕ್ಕದ ಮನೆಯ ಶಾಹಿದಾ ಬೀ, ಬಿರಿಯಾನಿ ಡಬ್ಬಿಯೊಂದಿಗೆ. "ಕುಸ್ತಿ ಹುಡ್ಗಿ ಭಾಯ್, ತಾಕತ್ತು ಬ್ಯಾಡ್ವಾ?" ನಮ್ಮ ಕಚೇರಿಯ ಜವಾನ ಸೂಳೆಕೆರೆ ಕಡೆಯವನು, ಅವನ ಹೆಂಡತಿ ಮೀನಿನ ಸಾರು ಕಳಿಸಿದಳು. ಎದುರುಮನೆಯಿಂದ ಹೋಳಿಗೆ ಬಂತು. ಕೊನೆಗೆ ಹೊನ್ನಾಳಿಯಿಂದ ನನ್ನ ಹೆಂಡತಿ ಸರೋಜಳ ದೊಡ್ಡಪ್ಪ, ಮಾಜಿ ಪೈಲ್ವಾನ್ ಬಸಪ್ಪಜ್ಜ, ತುಪ್ಪದ ಡಬ್ಬಿ ಹಿಡಿದು ಬಸ್ಸಿಳಿದರು. ತೂಕದ ವಿಷಯ ತಿಳಿಸಿದರೆ ಅಜ್ಜನ ಮೀಸೆ ನಿಮಿರಿತು. "ಕುಸ್ತಿ ಹುಡುಗಿಗೆ ಉಪಾಸ ಇರಾಕೆ ಹೇಳ್ತಾರಾ? ಇದ್ಯಾವ ಸೀಮೆ ಕುಸ್ತಿನೋ! ನಾವು ತುಪ್ಪ ಕುಡುದು ಅಖಾಡಕ್ಕೆ ಇಳೀತಿದ್ವಿ. ಅವಳು ನಾಕು ತುತ್ತು ತಿಂದಿದ್ದು ನೋಡದೆ ನಾನು ಹೋಗಂಗಿಲ್ಲ."

ಬೇಡವೆನ್ನುವುದು ನಮ್ಮಲ್ಲಿ ಬೈಗುಳಕ್ಕೆ ಸಮ. ಹಾಗಾಗಿ ಸರೋಜ ಒಂದು ಉಪಾಯ ಹೂಡಿದಳು. ಚೈತ್ರ ಬಂದವರಿಗೆ ನಮಸ್ಕರಿಸಿ ತಟ್ಟೆ ಹಿಡಿದು ಅಡುಗೆಮನೆಗೆ ಬರುವುದು. ಬಾಗಿಲ ಹಿಂದೆ ಕುಳಿತ ನಾನು ಅದನ್ನು ಮುಗಿಸುವುದು. ಅವಳು ಖಾಲಿ ತಟ್ಟೆ ತೋರಿಸಿ ಬಾಯಿ ಒರೆಸಿಕೊಳ್ಳುವುದು. ಉಪಾಯವೇನೋ ಗೆದ್ದಿತು, ಅತಿಯಾಗಿ ಗೆದ್ದಿತು. "ಹುಡುಗಿ ಏನ್ ಚೆಂದ ಉಂತಾಳ್ರೀ!" ಎಂದು ಬೀದಿಯಲ್ಲೆಲ್ಲ ಹೆಸರಾಗಿ, ಮರುದಿನ ಇನ್ನೂ ದೊಡ್ಡ ಡಬ್ಬಿಗಳು ಬಂದವು. ನಾನು ತ್ಯಾಗಕ್ಕೆ ಹಿಂಜರಿಯಲಿಲ್ಲ. ದೇಶದ ಪ್ರಶ್ನೆ.

ಮನೆಯ ತೂಕದ ಯಂತ್ರ ನಿಂತ ಜಾಗ ನೋಡಿ ಮಾತು ಬದಲಿಸುತ್ತಿದ್ದುದರಿಂದ ಬೆಳಿಗ್ಗೆ ಚೈತ್ರಳನ್ನು ರುದ್ರೇಶಿಯ ಅಡಿಕೆ ಮಂಡಿಗೆ ಕರೆದೊಯ್ಯುತ್ತಿದ್ದೆ. ಚೀಲ ತೂಗುವ ಅಭ್ಯಾಸದಿಂದ ರುದ್ರೇಶಿ ಅವಳ ತೂಕವನ್ನೂ ಮಂಡಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಒಮ್ಮೆ ಅರ್ಧ ಕೆಜಿ ಜಾಸ್ತಿ ಕೂಗಿದ. ಹುಡುಗಿಯ ಮುಖ ಬಾಡಿತು. ಅಂದು ಸ್ವೆಟರ್ ತೊಟ್ಟು ಬೆವರು ಸುರಿಯುವ ತನಕ ಓಡಿದಳು. ಅನ್ನವನ್ನು ಮುಟ್ಟಲೇ ಇಲ್ಲ.

ಸಂಜೆ ಮತ್ತೆ ಹೋಳಿಗೆ ಬಂತು. ನಾನು ಬಾಗಿಲ ಹಿಂದೆ ಕುಳಿತಾಗ ಅವಳು ಎದುರಿಗೇ ಕುಕ್ಕರಗಾಲಲ್ಲಿ ಕುಳಿತಳು. "ಮಾವ, ನಿಧಾನಕ್ಕೆ ತಿನ್ರಿ. ಹೆಂಗೈತೆ ಅಂತ ಹೇಳ್ರಿ." ಹದಿನಾರರ ಹುಡುಗಿ, ಹಸಿದವಳು. ಎತ್ತಿದ ತುತ್ತನ್ನು ಒಮ್ಮೆ ತಟ್ಟೆಗೆ ಇಳಿಸಿದೆ. ಆದರೂ ಕೇಳಿದ್ದಾಳೆ, ಹೇಳಬೇಕಲ್ಲ? "ಬಿಸಿ ಐತೆ ಕಣವ್ವ. ತುಪ್ಪ ಬೆರಳಿಗೆ ಇಳೀತೈತೆ. ಬೆಲ್ಲ ಹದವಾಗೈತೆ, ಏಲಕ್ಕಿ ಒಂಚೂರು ಮುಂದೈತೆ" ಎಂದು ಸವಿಸ್ತಾರ ವರ್ಣಿಸಿದೆ. ಅವಳು ಕಣ್ಣುಮುಚ್ಚಿ ಕೇಳಿ, ನೀರು ಬೇಕೆಂದಳು. ಒಂದೇ ಗುಟುಕು ಕುಡಿದು ಎದ್ದುಹೋದಳು. ನನ್ನ ವರ್ಣನೆಯಿಂದಲೇ ಅವಳ ಹೊಟ್ಟೆ ತುಂಬಿತೆಂದು ನಾನು ಸರೋಜಳ ಮುಂದೆ ಕೊಚ್ಚಿಕೊಂಡೆ.

ಚೈತ್ರ ಕ್ರೀಡಾಕೂಟಕ್ಕೆ ಹೊರಟುಹೋದಳು. ಸ್ಪರ್ಧೆಯ ಬೆಳಿಗ್ಗೆ ಫೋನು ಬರುವವರೆಗೆ ನಾನು ಕಾಫಿಯನ್ನೂ ಮುಟ್ಟಲಿಲ್ಲ. "ಮಾವ, ತೂಕ ಸರಿಬಂತು!" ಎಂದಳು. ನಾನು ಅತ್ತುಬಿಟ್ಟೆ, ಹೇಳಲು ನಾಚಿಕೆಯಿಲ್ಲ. ಸೆಮಿಫೈನಲ್‌ನಲ್ಲಿ ಸೋತಳು, ಕಂಚಿನ ಪಂದ್ಯದಲ್ಲಿ ಎದುರಾಳಿಯನ್ನು ಎತ್ತಿ ಒಗೆದಳು. ಮೊಬೈಲಿನಲ್ಲಿ ನೋಡುತ್ತಿದ್ದ ಬಸಪ್ಪಜ್ಜ "ನನ್ನ ತುಪ್ಪದ ತಾಕತ್ತು!" ಎಂದು ತೊಡೆ ತಟ್ಟಿದರು. ಆ ತುಪ್ಪ ಎಲ್ಲಿ ಸೇರಿತ್ತೆಂದು ನಾನು ಬಾಯಿ ಬಿಡಲಿಲ್ಲ.

ಪದಕ ತೋರಿಸಲು ಚೈತ್ರ ಚನ್ನಗಿರಿಗೆ ಬಂದಾಗ ಮೊದಲು ಮಂಡಿಗೆ ಹೋದೆವು. ಅವಳು ನಗುತ್ತಾ ತಕ್ಕಡಿ ಹತ್ತಿ ಇಳಿದು, "ಈಗ ಮಾವ" ಎಂದು ನನ್ನನ್ನೂ ಎಳೆದು ನಿಲ್ಲಿಸಿದಳು. ರುದ್ರೇಶಿ ಅಭ್ಯಾಸದಂತೆ ಕೂಗಿದ. ಹಮಾಲರು ಹೊತ್ತ ಚೀಲ ಇಳಿಸಿ ತಿರುಗಿ ನೋಡಿದರು. ಜೊತೆಗೆ ಬಂದಿದ್ದ ಸರೋಜ ಅಲ್ಲೇ ತೀರ್ಪು ಕೊಟ್ಟಳು: "ಇವತ್ತಿಂದ ನಿಮಗೆ ಸಿಹಿ ಬಂದ್. ಹುಡುಗಿ ಪಾಲಿನದ್ದೆಲ್ಲ ತಿಂದಾಯ್ತಲ್ಲ, ಇನ್ನು ನಿಮ್ಮ ಪಾಲಿನದು ಅವಳು ತಿಂತಾಳೆ."

ಸಂಜೆ ಸರೋಜ ಹೋಳಿಗೆ ಸುಟ್ಟಳು. ಚೈತ್ರಳ ತಟ್ಟೆಯಲ್ಲಿ ಹೋಳಿಗೆ, ನನ್ನ ತಟ್ಟೆಯಲ್ಲಿ ಸೌತೆಕಾಯಿ. ಹುಡುಗಿ ತಿನ್ನುವುದನ್ನು ನೋಡಿ ಕಣ್ಣು ತುಂಬಿತು. ಬಾಯಿಯೂ ತುಂಬಿತು, ನೀರಿನಿಂದ. ತಡೆಯಲಾರದೆ ಕೇಳಿದೆ, "ಹೆಂಗೈತೆ ಹೇಳವ್ವ."

ಅವಳು ನಿಧಾನವಾಗಿ ಅಗಿದು, ಕಣ್ಣರಳಿಸಿ ಹೇಳಿದಳು: "ಬಿಸಿ ಐತೆ ಮಾವ. ತುಪ್ಪ ಬೆರಳಿಗೆ ಇಳೀತೈತೆ. ಬೆಲ್ಲ ಹದವಾಗೈತೆ, ಏಲಕ್ಕಿ ಒಂಚೂರು ಮುಂದೈತೆ."

ನಾನು ನೀರು ಬೇಕೆಂದೆ.