ಅರಿಶಿನದಿಂದ ಹಸಿರು ಸೀರೆ ಮಾಡಿದ್ದು

ಏಪ್ರಿಲ್ ತಿಂಗಳ ಎರಡನೆಯ ಶನಿವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಈ ಶುಭಗಳಿಗೆಯಲ್ಲಿ ನಾನು ನಮ್ಮವ್ವನ ಕೆನೆಬಣ್ಣದ ಹತ್ತಿ ಸೀರೆಯನ್ನು ಕೈಯಾರೆ ಹಸಿರು ಮಾಡುವುದೆಂದು ತೀರ್ಮಾನಿಸಿದೆ. ದಿನಚರಿಯಲ್ಲಿ ಹಾಗೆಯೇ ಬರೆದಿದ್ದೇನೆ. ಅಡಿಯಲ್ಲಿ ಎರಡು ಗೆರೆ ಬೇರೆ ಎಳೆದಿದ್ದೇನೆ. ಅಷ್ಟು ಧೈರ್ಯ!

ಮರುವಾರ ಬಾಲಾನಗರದಲ್ಲಿ, ಅಕ್ಕನ ಗಂಡನ ಮನೆಯಲ್ಲಿ, ಅಕ್ಕನ ಕುಬಸವಿತ್ತು. ಬಸುರಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ ಒಯ್ಯಬೇಕು. ಸುಲ್ತಾನ್ ಬಜಾರಿಗೆ ಹೋದರೆ ಅರ್ಧ ಗಂಟೆಯ ಕೆಲಸ. ಆದರೆ ಅಕ್ಕ ಫೋನಿನಲ್ಲಿ ಬೇರೆಯೇ ರಾಗ ತೆಗೆದಳು.

"ಪದ್ದಿ, ನಮ್ಮತ್ತಿ ಹಬ್ಬಕ್ಕೊಮ್ಮಿ ಅಂತಾರ, 'ನಿಮ್ಮ ತವರವರು ಎಲ್ಲಾ ಅಂಗಡ್ಯಾಗಿಂದ ಎತ್ಕೊಂಡು ಬರ್ತಾರ, ಕೈಲೆ ಒಂದೂ ಮಾಡಂಗಿಲ್ಲ' ಅಂತ. ಅಜ್ಜಿ ಕೊಟ್ಟಿದ್ದು ಅವ್ವನ ಕೆನಿ ಸೀರಿ ಐತೆಲ್ಲ, ಅದಕ್ಕ ಹಸಿರು ಬಣ್ಣ ಹಾಕ್ಸಿ ತರ್ರಿ. ಇದೊಂದು ಸಲ ನನ್ನ ಮಾನಾ ಉಳಸ್ರಿ."

ಅವ್ವ ಟ್ರಂಕಿನಿಂದ ಸೀರೆ ತೆಗೆದು, ಎರಡು ಸಲ ಸವರಿ, ಬಣ್ಣ ಹಾಕುವವರಿಗೆ ಕೊಟ್ಟು ಬಾ ಎಂದು ನನ್ನ ಕೈಗಿಟ್ಟಳು. ಕೊಟ್ಟು ಬರಬಹುದಿತ್ತು. ಆದರೆ ಅದೇ ವಾರ ನಮ್ಮ ಆಫೀಸಿನಲ್ಲಿ ಒಂದು ಶಿಬಿರ ನಡೆದಿತ್ತು.

ನಾನು ಹೈಟೆಕ್ ಸಿಟಿಯ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವವಳು. ಅಮೀರ್‌ಪೇಟೆಯಲ್ಲಿ ಕೋರ್ಸು ಮುಗಿಸಿ ಸೇರಿಕೊಂಡೆ. ಬೇರೆಯವರ ತಪ್ಪು ಹುಡುಕಿದ್ದಕ್ಕೆ ತಿಂಗಳಿಗೊಮ್ಮೆ ಸಂಬಳ ಕೊಡುತ್ತಾರೆ. ಇದಕ್ಕಿಂತ ನೆಮ್ಮದಿಯ ಕೆಲಸ ಲೋಕದಲ್ಲಿಲ್ಲ. ಶಿಬಿರಕ್ಕೆ ಬಂದ ಮೇಡಂ, ದಿನವೂ ಸ್ಫೂರ್ತಿ ಬೇಕಿದ್ದರೆ ಮೂರು ದಾರಿ ಎಂದರು: ಪ್ರಯಾಣ ಮಾಡಿ, ಬಣ್ಣ ಬೆರೆಸಿ, ಮನಸ್ಸಿಟ್ಟು ವಿಶ್ರಾಂತಿ ತೆಗೆದುಕೊಳ್ಳಿ. ನಾನು ತಕ್ಷಣ ಮೂರು ಕಾಲಂ ಎಳೆದೆ. ಹಿಂದೆ ಕೂತಿದ್ದ ನಮ್ಮ ಮ್ಯಾನೇಜರ್ ಎಲ್ಲರಿಗೂ ಕೇಳುವಂತೆ, "ಪದ್ಮಾಗೆ ಸ್ಫೂರ್ತಿ ಯಾಕೆ, ಕಾಲಂ ಸಿಕ್ಕರೆ ಸಾಕು" ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ತೋರಿಸುತ್ತೇನೆ ಎಂದುಕೊಂಡೆ.

ಆದ್ದರಿಂದ ಶನಿವಾರ ಬೆಳಿಗ್ಗೆ ಅವ್ವನ ಮುಂದೆ ಘೋಷಿಸಿದೆ. "ಸೀರಿಗೆ ನಾನ ಬಣ್ಣ ಹಾಕ್ತೀನಿ."

"ನೀನು? ನೀ ಮಾಡಿದ ಚಹಾದ ಬಣ್ಣನ ಸರಿ ಬರಂಗಿಲ್ಲ, ಸೀರಿಗೆ ಹಾಕ್ತಿ?"

"ಅಂಗಡಿಯವರು ಹಾಕಿದ್ರ ಅದು ಅಂಗಡಿ ಬಣ್ಣ ಆಗ್ತದ. ಅಕ್ಕನ ಅತ್ತಿ ಗಂಗವ್ವ ಮತ್ತ ಮಾತಾಡ್ತಾರ."

ಅವ್ವ "ಸೀರಿಗೆ ಏನರ ಆಗ್ಲಿ, ಆಮ್ಯಾಲ ಐತಿ ನಿನಗ" ಎಂದು ಹೇಳಿ, ಉಂಡಿ, ಚಕ್ಕುಲಿ ಮಾಡಲು ಚಿಕ್ಕಮ್ಮನ ಮನೆಗೆ ಹೋದಳು.

ಮೊದಲ ಕಾಲಂ: ಪ್ರಯಾಣ. ಯಾವ ಹಸಿರು ಬೇಕೆಂದು ನಿಸರ್ಗವನ್ನೇ ಕೇಳೋಣವೆಂದು ವಿಕಾರಾಬಾದಿನ ಪ್ಯಾಸೆಂಜರ್ ಹತ್ತಿದೆ. ಏಪ್ರಿಲ್ ತಿಂಗಳಲ್ಲಿ ಈ ಕಡೆ ನಿಸರ್ಗ ರಜೆಯಲ್ಲಿರುತ್ತದೆ ಎಂಬುದು ಲಿಂಗಂಪಲ್ಲಿ ದಾಟಿದ ಮೇಲೆ ಹೊಳೆಯಿತು. ಹೊಲ ಕಂದು. ಗುಡ್ಡ ಕಂದು. ಮರಗಳೂ ಮುನಿಸಿಕೊಂಡಂತೆ ಬೋಳು. ಕಡೆಗೆ ವಿಕಾರಾಬಾದಿನ ಪ್ಲಾಟ್‌ಫಾರ್ಮಿನಲ್ಲಿ ಒಬ್ಬಾಕೆ ಬುಟ್ಟಿಯಲ್ಲಿ ಮಾವಿನಕಾಯಿ ಇಟ್ಟುಕೊಂಡು ಕೂತಿದ್ದಳು. ಅದರ ಸಿಪ್ಪೆಯ ಹಸಿರು! ಒಂದೊಂದೇ ಕಾಯಿ ಎತ್ತಿ ಬಿಸಿಲಿಗೆ ಹಿಡಿದು ನೋಡಿದೆ.

"ಖಾನೇ ಕೆ ವಾಸ್ತೇ ಹೋನಾ, ಯಾ ದೇಖನೇ ಕೆ ವಾಸ್ತೇ?" ಎಂದಳು ಆಕೆ, ತಿನ್ನಲು ಬೇಕೋ ನೋಡಲು ಬೇಕೋ ಎಂದು.

"ದೇಖನೇ ಕೆ ವಾಸ್ತೇ" ಎಂದೆ ಪ್ರಾಮಾಣಿಕವಾಗಿ. ಆಕೆ ಬುಟ್ಟಿಗೆ ಗೋಣಿತಾಟು ಮುಚ್ಚಿಬಿಟ್ಟಳು!

ಎರಡನೆಯ ಕಾಲಂ: ಬಣ್ಣ ಬೆರೆಸುವುದು. ಎಲ್ಲವೂ ಮನೆಯದೇ ಆಗಬೇಕೆಂದು ಹಟವಿತ್ತಲ್ಲ, ಹಳದಿಗೆ ಅರಿಶಿನ, ನೀಲಿಗೆ ಬಿಳಿ ಬಟ್ಟೆಗೆ ಹಾಕುವ ನೀಲಿ. ಅಪ್ಪನ ಒಂದು ಬನಿಯನ್ ಕತ್ತರಿಸಿ ತುಂಡು ಮಾಡಿ, ಒಂದೊಂದನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಅದ್ದಿದೆ. ಮೊದಲನೆಯದು ಕಾಮಾಲೆ ಬಂದಂತಿತ್ತು. ನಡುವಿನವು ಕೆರೆಯ ಪಾಚಿ. ಏಳನೆಯ ತುಂಡು ಮಾತ್ರ ಮಾವಿನಕಾಯಿಯ ಸಿಪ್ಪೆ, ಸಾಕ್ಷಾತ್! ನಾನು ಪರೀಕ್ಷಕಿ, ಸುಮ್ಮನೆ ನಂಬುವವಳಲ್ಲ. ಆ ತುಂಡನ್ನು ಇಸ್ತ್ರಿಯಡಿ ಇಟ್ಟೆ, ನೆರಳಿನಲ್ಲಿ ಒಣಗಿಸಿದೆ, ಬೆವರಿದ ಕೈಯಿಂದ ಉಜ್ಜಿದೆ. ಕೈಗೆ ತುಸು ಹಳದಿ ಹತ್ತಿತು. ಕುಬಸದ ಮನೆಯಲ್ಲಿ ಮೈಗೆ ಅರಿಶಿನ ಹತ್ತಿದರೆ ಯಾರು ತಕರಾರು ಮಾಡುತ್ತಾರೆ? ಪಾಸು!

"ನನ್ನ ಬನಿಯನ್ ಎಲ್ಲಿ?" ಎಂದು ಅಪ್ಪ ಹೊರಗಿನಿಂದ ಕೂಗಿದರು.

"ಸಂಶೋಧನಾದಾಗ ಐತ್ರಿ" ಎಂದೆ.

ಮೂರನೆಯ ಕಾಲಂ: ವಿಶ್ರಾಂತಿ. ಸೀರೆ ಬಕೆಟ್ಟಿನಲ್ಲಿ ಕಾಲು ಗಂಟೆ ನೆನೆಯಬೇಕು. ಅಷ್ಟು ಹೊತ್ತು ಚಾಪೆಯ ಮೇಲೆ ಮಲಗಿ, ಕಣ್ಣು ಮುಚ್ಚಿ, ಉಸಿರನ್ನು ಗಮನಿಸತೊಡಗಿದೆ. ಉಸಿರು ಒಳಗೆ ಹೋಯಿತು, ಹೊರಗೆ ಬಂತು. ಇಷ್ಟು ಚೆನ್ನಾಗಿ ಗಮನಿಸಿದೆನೆಂದರೆ, ಕಣ್ಣು ತೆರೆದಾಗ ಬೀದಿ ದೀಪ ಹತ್ತಿತ್ತು! ಎದ್ದು ಬಚ್ಚಲಿಗೆ ಓಡಿದರೆ, ಸೀರೆ ಎಂಥ ಹಸಿರು ಕುಡಿದು ಕೂತಿತ್ತು ಅಂತೀರಿ! ಹೆಚ್ಚು ನೆನೆದದ್ದರಿಂದಲೇ ಆ ಬಣ್ಣ ಬಂದದ್ದು. ವಿಶ್ರಾಂತಿಯ ಬಗ್ಗೆ ಯಾರೇನೇ ಹೇಳಲಿ, ನಾನು ಒಂದು ಮಾತೂ ಕೇಳುವುದಿಲ್ಲ.

ಗಂಜಿ ಹಾಕಿ, ಇಸ್ತ್ರಿ ಮಾಡಿ ಮಡಿಸಿಟ್ಟ ಸೀರೆಯನ್ನು ನೋಡಿ ಅವ್ವ ದಂಗಾದಳು. "ಖರೇನ ನೀನ ಮಾಡಿದಿ?" ಎಂದು ಮೂರು ಸಲ ಕೇಳಿದಳು. ನಾನು ಗಂಭೀರವಾಗಿ ಕಿಟಕಿಯ ಹೊರಗೆ ನೋಡಿದೆ.

ಕುಬಸದ ದಿನ ಅಕ್ಕ ಅದನ್ನುಟ್ಟು ಮಣೆಯ ಮೇಲೆ ಕೂತಳು. ತಿಂಗಳುಗಳಿಂದ ವಾಂತಿ ಮಾಡಿ ಸೊರಗಿದ್ದ ಮುಖ ಆ ಹಸಿರಿನಲ್ಲಿ ಬೆಳಗುತ್ತಿತ್ತು. ಅವಳ ಅತ್ತೆ ಗಂಗವ್ವ ಬಂದ ಹೆಂಗಸರಿಗೆ ಎಲೆ ಅಡಿಕೆ ಮಡಿಸುತ್ತಿದ್ದವರು ಎದ್ದು ಬಂದರು.

"ಯಾವ ಅಂಗಡಿದಿದು?"

"ಅಂಗಡಿದಲ್ರಿ ಅತ್ತಿ. ನಮ್ಮ ಪದ್ದಿ ಮನ್ಯಾಗ ಕೈಲೆ ಮಾಡ್ಯಾಳ" ಎಂದಳು ಅಕ್ಕ. ಎಷ್ಟು ಹೆಮ್ಮೆಯಿಂದ! ಈ ಒಂದು ವಾಕ್ಯ ಹೇಳಲು ಮದುವೆಯಾದಾಗಿನಿಂದ ಕಾಯುತ್ತಿದ್ದಳು.

ಗಂಗವ್ವ ಅತ್ತೆ ಸೆರಗನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ತಿಕ್ಕಿ ನೋಡಿ, ಬಿಟ್ಟರು. ಬಿಟ್ಟ ಕಡೆ ಎರಡು ಬೆರಳಿನ ಗುರುತು ಮೂಡಿತು. ಕೆಂಪಗೆ!

ಅವರ ಬೆರಳಿಗೆ ಎಲೆಯ ಸುಣ್ಣ ಹತ್ತಿತ್ತು.

ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುತ್ತದೆ. ಇದು ನನಗೆ ಗೊತ್ತಿಲ್ಲವೇ? ನಮ್ಮ ಮನೆಯಲ್ಲಿ ಯಾವ ಶುಭಕಾರ್ಯವಿರಲಿ, ಆರತಿ ತಟ್ಟೆಗೆ ಅರಿಶಿನದ ನೀರಿಗೆ ಸುಣ್ಣ ಕಲಸಿ ಕೆಂಪು ಮಾಡುವ ಕೆಲಸ ನನ್ನದೇ! ಆ ದಿನವೂ ಬೆಳಿಗ್ಗೆ ನಾನೇ ಕಲಸಿ, ಅಕ್ಕನ ಪಕ್ಕದಲ್ಲೇ ಇಟ್ಟಿದ್ದೆ. ಇಸ್ತ್ರಿ, ನೆರಳು, ಬೆವರು ಎಲ್ಲ ಪರೀಕ್ಷಿಸಿದವಳು ಇದೊಂದನ್ನು ಬಿಟ್ಟಿದ್ದೆ.

ಗಂಗವ್ವ ಅತ್ತೆ ಸೆರಗನ್ನು ಮೂಗಿಗೆ ಹಿಡಿದರು. "ಅಯ್ಯ, ಅರಿಶಿಣ! ಒಗ್ಗರಣಿನೂ ಹಾಕೀಯೇನವಾ ಪದ್ದಿ?"

ಹೆಂಗಸರೆಲ್ಲ ಗೊಳ್ಳೆಂದರು. ಅಕ್ಕನ ಮುಖ ಚಿಕ್ಕದಾಯಿತು. ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. "ಒಂದ ನಿಮಿಷ್ರಿ!" ಎಂದು ಬಟ್ಟೆ ಸೋಪು ತಂದು ಗುರುತನ್ನು ಉಜ್ಜಿದೆ. ಬೆರಳಿನಷ್ಟಿದ್ದ ಕೆಂಪು ಅಂಗೈಯಷ್ಟಾಯಿತು! ಸೋಪೂ ಸುಣ್ಣದ ಚಾಳಿಯದೇ ಎಂದು ಆಗ ತಿಳಿಯಿತು. ಅಡುಗೆಮನೆಗೆ ಓಡಿ ನಿಂಬೆಹಣ್ಣು ತಂದು ಹಿಂಡಿದೆ. ಕೆಂಪು ಹೋಯಿತು. ಜೊತೆಗೆ ನೀಲಿಯನ್ನೂ ಕರೆದುಕೊಂಡು ಹೋಯಿತು. ಉಳಿದದ್ದು ಹಳದಿ. ನಿಂಬೆರಸ ತಲುಪದ ಕಡೆ ಕೆಂಪು, ಸುತ್ತಲೂ ಹಸಿರು.

ಬಾಗಿಲಲ್ಲಿ ಇಣುಕಿದ ಭಾವ, "ಇದೇನು, ಪಂಜಾಗುಟ್ಟ ಸಿಗ್ನಲ್ ಆಗ್ಯದಲ್ಲ!" ಎಂದರು. ಅವ್ವ ಕಣ್ಣಲ್ಲೇ ನನ್ನನ್ನು ಸುಟ್ಟಳು.

ಗಂಗವ್ವ ಅತ್ತೆ ಒಳಗೆ ಹೋಗಿ, ಕವರಿನಲ್ಲಿದ್ದ ಹೊಸ ಹಸಿರು ಸೀರೆ ತಂದರು. "ಹಿಂಗ ಏನರ ಆಗ್ತೈತಿ ಅಂತ ನಾ ಒಂದು ತಂದಿಟ್ಟಿದ್ದೆ. ಏಳು ಶೈಲಾ, ಬದಲಿಸ್ಕೊಂಡು ಬಾ."

ಅಕ್ಕ ಏಳಲಿಲ್ಲ. ಮಣೆಯ ಮೇಲೆ ಇನ್ನಷ್ಟು ಊರಿ ಕೂತಳು.

"ನಾ ಬದಲಸಂಗಿಲ್ರಿ ಅತ್ತಿ. ಕೈಲೆ ಮಾಡಿದ್ದು ಬೇಕಂತ ನೀವ ಅಂತಿದ್ರಿ. ಇದು ಕೈಲೆ ಮಾಡಿದ್ದು. ಅಂಗಡ್ಯಾಗಿಂದ ಎತ್ಕೊಂಡು ಬಂದಿದ್ದು ನೀವು."

ಆರತಿ ಹಿಡಿದಿದ್ದ ಮುತ್ತೈದೆಯ ಬಾಯಿ ತೆರೆದಂತೆಯೇ ಇತ್ತು. ಗಂಗವ್ವ ಅತ್ತೆ ಸೊಸೆಯನ್ನು ನೋಡಿದರು, ಕವರನ್ನು ನೋಡಿದರು. ಬಳಿಕ ಸುಣ್ಣದ ಬೆರಳನ್ನು ತಮ್ಮ ಸೆರಗಿಗೇ ಚೆನ್ನಾಗಿ ಒರೆಸಿಕೊಂಡರು.

"ಬಸುರಿ ಕೂಡ ಯಾರು ವಾದಾ ಮಾಡ್ತಾರ? ಚಾಚು ಸೆರಗು. ಉಡಿ ತುಂಬ್ತೀನಿ."

ಆ ಮೂರು ಬಣ್ಣದ ಸೆರಗಿಗೇ ಅಕ್ಕಿ, ಕೊಬ್ಬರಿ, ಉತ್ತತ್ತಿ ಬಿದ್ದವು. ಅಕ್ಕ ತಲೆ ಎತ್ತಿಕೊಂಡೇ ಉಡಿ ತುಂಬಿಸಿಕೊಂಡಳು. ಅವಳ ಮಾನ ಉಳಿಯಿತು; ಉಳಿಸಿಕೊಂಡವಳು ಅವಳೇ. ಅದಕ್ಕೆ ಬೇಕಾದ ಸಂದರ್ಭ ಒದಗಿಸಿದವಳು ನಾನು ಎಂಬುದನ್ನು ಈವರೆಗೆ ಯಾರೂ ಒಪ್ಪಿಲ್ಲ.

ಸೀರೆ ಮೊದಲ ಒಗೆತಕ್ಕೆ ನೀಲಿ ಬಿಟ್ಟಿತು, ಸೋಪಿಗೆ ಕೆಂಪಾಯಿತು, ಬಿಸಿಲಿಗೆ ಅದೂ ಹಾರಿತು. ಈಗ ಚಹಾ ಸೋಸುವ ಬಟ್ಟೆಯ ಬಣ್ಣದಲ್ಲಿದೆ. "ನಮ್ಮವ್ವ ಕೊಟ್ಟಾಗ ಒಂದ ಬಣ್ಣ ಇತ್ತು, ನೀ ನಾಕು ಕೊಟ್ಟಿ" ಎಂದು ಅವ್ವ ಅದನ್ನು ಟ್ರಂಕಿಗೆ ಹಾಕಿ ಬೀಗ ಜಡಿದಳು. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೇನೆ. ಮಗುವಿನ ತೊಟ್ಟಿಲ ಕಾರ್ಯಕ್ಕೆ ಅಕ್ಕ ಎಲ್ಲರಿಗೂ ಒಂದೊಂದು ಕೆಲಸ ಹಂಚಿದ್ದಾಳೆ. "ನೀ ಬರೇ ಕೈ ಬೀಸ್ಕೋಂತ ಬಾ" ಎಂದಿದ್ದಾಳೆ ನನಗೆ. "ಕೈ ಕಟ್ಕೊಂಡು ಬಂದ್ರ ಇನ್ನೂ ಚಲೋ."

ನಾನು ಸೋತಿಲ್ಲ. ಅರಿಶಿನದ ಹಸಿರನ್ನು ಸುಣ್ಣದಿಂದ, ಸೋಪಿನಿಂದ, ನಿಂಬೆಹಣ್ಣಿನಿಂದ ಕಾಪಾಡುವ ಉಪಾಯ ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಅತ್ತೆಯಂದಿರಿಂದ ಕಾಪಾಡುವ ಉಪಾಯವಿದ್ದರೆ ಅದನ್ನೂ ಸೇರಿಸಿ. ಆದರೆ "ಸುಮ್ಮನೆ ಸುಲ್ತಾನ್ ಬಜಾರಿಗೆ ಹೋಗಬಾರದಿತ್ತೇ" ಎಂದು ಬರೆಯುವವರು ಅಂಚೆಯ ತೊಂದರೆ ತೆಗೆದುಕೊಳ್ಳಬೇಡಿ. ಅದನ್ನು ನಮ್ಮವ್ವ ದಿನಾ ಎರಡು ಹೊತ್ತು, ಊಟದ ಜೊತೆ ಬಡಿಸುತ್ತಿದ್ದಾಳೆ.